ಬಾಗಿಲಿಗೆ ಬಂದವರಿಗೆ ಚಕ್ಕುಲಿ

ಇಂದುಮತಿ ಹುಯಿಲಗೋಳ ಧಾರವಾಡದ ಕಾಲೇಜಿನಲ್ಲಿ ಇತಿಹಾಸ ಕಲಿಸಿದವರು. ಇಟಲಿಯಲ್ಲಿ ಫ್ಯಾಸಿಸಂ ಹುಟ್ಟಿದ ಪಾಠವನ್ನು ಅವರ ಬಾಯಲ್ಲೇ ಕೇಳಬೇಕು: ಯುದ್ಧ ಮುಗಿಸಿ ಬಂದ ಕೆಲಸವಿಲ್ಲದ ಸೈನಿಕರು, ಮುಷ್ಕರಕ್ಕೆ ಹೆದರಿದ ಜಮೀನ್ದಾರರು, ಕಪ್ಪಂಗಿ ತೊಟ್ಟು ಬೀದಿಗಿಳಿದ ಪುಂಡರು, ಅವರನ್ನೇ ಶಿಸ್ತಿನ ಹುಡುಗರೆಂದು ಹೊಗಳಿದ ಸಭ್ಯಸ್ಥರು. “ಮಂದಿ ಯಾಕ ಸುಮ್ಮನಿದ್ರು, ಮೇಡಂ?” ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಿದ್ದರು. “ಅಂಜಿ ಸುಮ್ಮನಿದ್ರು” ಎನ್ನುತ್ತಿದ್ದರು ಇಂದುಮತಿ.

ಈಗ ಅವರು ಅಮೆರಿಕದ ಫ್ರಿಸ್ಕೋದಲ್ಲಿ ಮಗಳು ವೈಷ್ಣವಿಯ ಮನೆಯಲ್ಲಿದ್ದಾರೆ. ಕಳೆದ ಬೇಸಿಗೆಯಲ್ಲಿ ಬೂದು ಅಂಗಿಯ ಇಬ್ಬರು ಯುವಕರು ಬೆಲ್ ಒತ್ತಿ, ಬಡಾವಣೆಗೆ ಹೊಸ ಕಾವಲು ಪಡೆ ಕಟ್ಟಿದ್ದೇವೆ ಎಂದರು. ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವ ರೂಢಿ ಇಂದುಮತಿಯವರದಲ್ಲ. ಒಳಗೆ ಕೂಡಿಸಿ ನೀರು, ಚಕ್ಕುಲಿ ಕೊಟ್ಟರು. ನೆರೆಯವರ ಬಗ್ಗೆ ಕೇಳಿದಾಗ ಊರಕಡೆ ಹೇಳುವಂತೆಯೇ, ಯಾವ ಮನೆಯವರು ಎಲ್ಲಿಂದ ಬಂದವರು ಎಂದೆಲ್ಲ ಹೇಳಿದರು. ಮೂಲೆಮನೆಯ ಹೊಂಡುರಾಸ್ ಅಜ್ಜಿ ಅವರ ಸಂಜೆ ವಾಕಿಂಗಿನ ಗೆಳತಿ. ಪಾಪ, ಆಕೆಗೆ ಈ ದೇಶದಲ್ಲಿರಲು ಪೇಪರ್ಸ್ ಇಲ್ಲ ಎಂಬುದನ್ನೂ ಮರುಕದಿಂದಲೇ ಹೇಳಿದರು.

ಮರುವಾರ ಬೂದು ಅಂಗಿಯವರು ಆ ಅಜ್ಜಿಯನ್ನು ಎಳೆದುಕೊಂಡು ಹೋಗಿ ವ್ಯಾನಿಗೆ ಹತ್ತಿಸಿದರು. ಬೀದಿಯವರೆಲ್ಲ ಕಿಟಕಿಯಿಂದ ನೋಡಿದರು. ಅಂದು ಚಕ್ಕುಲಿ ತಿಂದಿದ್ದವನೊಬ್ಬ ಬಾಗಿಲಲ್ಲಿ ನಿಂತಿದ್ದ ಇಂದುಮತಿಯವರತ್ತ ಕೈಬೀಸಿ, “ಥ್ಯಾಂಕ್ಯೂ, ಮ್ಯಾಮ್” ಎಂದ.

“ಅವ್ವಾ, ಯಾರೂ ತುಟಿ ಬಿಚ್ಚಲಿಲ್ಲ, ನೋಡು” ಎಂದಳು ವೈಷ್ಣವಿ.

ಇಂದುಮತಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತರು.

“ಇಷ್ಟು ವರ್ಷ ತಪ್ಪು ಕಲಿಸೀನಿ. ಮಂದಿ ಸುಮ್ಮನಿರಲಿಲ್ಲ. ಕರೆದು, ಕೂಡಿಸಿ, ಹೇಳಿಕೊಟ್ರು.”