ದೀಪದ ಗಾಜಿನ ಮೇಲಿನ ಬೊಟ್ಟು

ವಡೋದರದ ಫತೇಗಂಜಿನಲ್ಲಿ ಉಡುಪಿ ಹೊಟೇಲು ನಡೆಸುವ ರಘುರಾಮನಿಗೆ ತನ್ನ ಹಳೇ ಸಾಮಾನಿನ ವ್ಯಾನೆಂದರೆ ಪ್ರಾಣ. ಪಾಲುದಾರ ಗಿರಿಧರನ ಕಣ್ಣಿಗೆ ಅದು ಬರೀ ತಗಡು.

"ಈ ಸಲ ಫಿಟ್‌ನೆಸ್ಸಲ್ಲಿ ಫೇಲಾದ್ರೆ ಗುಜರಿಗೆ ಹಾಕುವ ಮಾರಾಯ. ಎಷ್ಟೂಂತ ರಿಪೇರಿ ಮಾಡುದು?" ಎಂದು ಅವನು ಹೇಳಿಬಿಟ್ಟಿದ್ದ.

ಗಿರಿಧರನಿಗೇನು, ಹೇಳುತ್ತಾನೆ. ಆ ವ್ಯಾನಿನ ಎಡಗಡೆಯ ಸೀಟು ರಘುರಾಮನ ಹೆಂಡತಿ ಪ್ರೇಮಾಳದು. ದಿನಾ ಬೆಳಿಗ್ಗೆ ಗಂಡನ ಜೊತೆ ಮಾರ್ಕೆಟ್ಟಿಗೆ ಬಂದು, ತೆಂಗಿನಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸುತ್ತಿದ್ದವಳು. ಕಳೆದ ವರ್ಷ ಫಿಟ್‌ನೆಸ್ ಪರೀಕ್ಷೆ ಮುಗಿದ ಮೇಲೆ, ಆಯುಧಪೂಜೆಯ ದಿನ ವ್ಯಾನಿನ ಎರಡೂ ದೀಪಗಳಿಗೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಕುಂಕುಮದ ದಪ್ಪ ಬೊಟ್ಟಿಟ್ಟಳು. ದೀಪಾವಳಿಗೆ ಮೊದಲೇ ಎದೆನೋವೆಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಸಾವಾದ ಮನೆಯಲ್ಲಿ ವರ್ಷದ ತನಕ ಹಬ್ಬವಿಲ್ಲವಲ್ಲ, ಹಾಗಾಗಿ ಈ ಆಯುಧಪೂಜೆಗೆ ಹೊಸ ಬೊಟ್ಟು ಬೀಳಲಿಲ್ಲ. ಹಳೆಯದನ್ನೇ ರಘುರಾಮ ಕಾಪಾಡಿಕೊಂಡು ಬಂದ. ಮಳೆ ಬಂದರೆ ದೀಪಗಳಿಗೆ ಹಾಲಿನ ಕವರು ಕಟ್ಟುತ್ತಿದ್ದ. ಕಂಡವರು ನಕ್ಕರೆ ನಗಲಿ.

ಪರೀಕ್ಷೆಗೆ ಮುನ್ನ ಬ್ರೇಕು ಸರಿಮಾಡಿಸಿದ, ಸವೆದ ಟಯರು ಬದಲಿಸಿದ, ಹಿಂಬದಿಗೆ ಹೊಳೆಯುವ ಕೆಂಪು ಪಟ್ಟಿ ಹೊಸದು ಅಂಟಿಸಿದ, ದೋಸೆಕಲ್ಲು ಉಜ್ಜುವ ಹಾಗೆ ಮೈಯೆಲ್ಲ ಉಜ್ಜಿದ. ಬೊಟ್ಟಿನ ಸುತ್ತ ಮಾತ್ರ ಬಟ್ಟೆ ಹುಷಾರಾಗಿ ಬಳಸಿಕೊಂಡು ಹೋಯಿತು.

ಪರೀಕ್ಷಾ ಕೇಂದ್ರದಲ್ಲಿ ಬ್ರೇಕು ಪಾಸಾಯಿತು. ಹೊಗೆ ಪಾಸಾಯಿತು. ದೀಪದೆದುರು ಯಂತ್ರ ತಂದು ನಿಲ್ಲಿಸಿದ ರಾಕೇಶ್ ಆಗದೆಂದು ತಲೆಯಾಡಿಸಿದ. ಎಷ್ಟೋ ವರ್ಷಗಳಿಂದ ಅಲ್ಲೇ ಕೆಲಸ ಮಾಡುವ ಹುಡುಗ, ರಘುರಾಮನ ಮುಖಪರಿಚಯ ಅವನಿಗಿತ್ತು.

"ಕಾಕಾ, ಬೆಳಕು ಸಾಲದು. ಗಾಜು ಒರೆಸಿ, ಇನ್ನೊಮ್ಮೆ ನೋಡ್ತೀನಿ," ಎಂದ ಹಿಂದಿಯಲ್ಲಿ.

"ಅದು ಪೂಜೆಯದ್ದು. ಇರಲಿ ಬಿಡಿ."

"ಪ್ರತಿ ವರ್ಷವೂ ಇರುತ್ತಲ್ಲ. ನೀವು ಒಳಗೆ ಕಾಗದ ಕೊಡೋಕೆ ಹೋದಾಗ ನಿಮ್ಮ ಜೊತೆ ಬರೋ ಕಾಕಿ ಸೆರಗಲ್ಲಿ ಒರೆಸಿಬಿಡ್ತಿದ್ರು. ಈ ಸಲ ಅವರು ಬರಲಿಲ್ವಾ?"

ರಘುರಾಮನಿಗೆ ಇದು ಗೊತ್ತೇ ಇರಲಿಲ್ಲ. ಅಷ್ಟೂ ವರ್ಷ ವ್ಯಾನು ಪಾಸಾದದ್ದು ತನ್ನ ರಿಪೇರಿಯ ಚಂದಕ್ಕೆ ಎಂದುಕೊಂಡಿದ್ದ.

"ಇಲ್ಲ, ಅವಳು ಹೋಗಿಬಿಟ್ಟಳು," ಎಂದ.

ಹಿಂದೆ ಸಾಲಿನಲ್ಲಿದ್ದ ಟೆಂಪೊದವನು ಹಾರ್ನ್ ಹೊಡೆದ. ರಘುರಾಮ ಹೆಗಲಿನ ಬೈರಾಸು ತೆಗೆದು ದೀಪದ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಒಂದು ವರ್ಷ ಧೂಳು ಕುಡಿದ ಬೊಟ್ಟು ಸುಲಭಕ್ಕೆ ಬಿಡಲಿಲ್ಲ, ಉಗುರಿನಿಂದ ಕೆರೆಯಬೇಕಾಯಿತು.

ವ್ಯಾನು ಪಾಸಾಯಿತು. ಗಿರಿಧರನಿಗೆ ಫೋನು ಮಾಡಿ ಹೇಳಿದ್ದಕ್ಕೆ ಅವನು "ಹೋ, ಆಯ್ತು" ಎಂದಷ್ಟೇ ಅಂದ.

ಮುಸ್ಸಂಜೆಗೆ ಮನೆಯ ಓಣಿಗೆ ತಿರುಗಿ ರಘುರಾಮ ದೀಪ ಹಾಕಿದ. ಒಂದು ವರ್ಷ ಮಂಕಾಗಿದ್ದ ಬೆಳಕು ನೇರವಾಗಿ ಹೋಗಿ ಮನೆಬಾಗಿಲ ಮೇಲೆ ಬಿತ್ತು. ಬೆಳಿಗ್ಗೆ ತಾನೇ ಹಾಕಿಹೋದ ಬೀಗ ಅಲ್ಲಿ ಚೆನ್ನಾಗಿ ಕಾಣುತ್ತಿತ್ತು. ಅವನು ದೀಪ ಆರಿಸಿ, ಪಕ್ಕದ ಸೀಟಿನ ಮೇಲೆ ಬೈರಾಸು ಮಡಚಿಟ್ಟು, ಸ್ವಲ್ಪ ಹೊತ್ತು ವ್ಯಾನಿನಲ್ಲೇ ಕೂತ.