ನಿದ್ದೆಯಲ್ಲಿ ಮಂಜೂರಾದ ಅರ್ಜಿ

ಕಣ್ಣಿಗೆ ಕಾಣದ್ದನ್ನಾಗಲಿ, ರಿಜಿಸ್ಟರಿನಲ್ಲಿ ಬರೆಯದ್ದನ್ನಾಗಲಿ ನಾನು ನಂಬಿದವನಲ್ಲ. ಯಾರಾದರೂ ಇಂಥ ಅನುಭವ ಹೇಳಲು ಬಂದರೆ, "ಹಿಂದಿನ ರಾತ್ರಿ ಏನು ಊಟ ಮಾಡಿದ್ರಿ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಅದೇ ಪ್ರಶ್ನೆಯನ್ನು ಈಗ ನೀವು ನನಗೆ ಕೇಳಬಹುದು. ಮುದ್ದೆ, ಬಸ್ಸಾರು. ಅದರಲ್ಲಿ ಯಾವ ದೋಷವೂ ಇರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ವೇಮಗಲ್‌ನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್, ಮನೆ ಮುಳಬಾಗಿಲಿನಲ್ಲಿ. ಒಂದು ವಾರ ಬೆಳಗಿನ ಶಿಫ್ಟು, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ಇದರ ಮೇಲೆ ಮ್ಯಾನೇಜರ್ ಸಾಹೇಬರ ವಾಟ್ಸಾಪ್ ಸಂದೇಶಗಳು. ಅವಕ್ಕೆ ಯಾವ ಶಿಫ್ಟಿನ ಹಂಗೂ ಇರಲಿಲ್ಲ. ನಿದ್ದೆ ನನ್ನನ್ನು ಬಿಟ್ಟುಹೋಯಿತು. ಪೂರ್ತಿ ಬಿಟ್ಟಿತೆಂದರೆ ಸುಳ್ಳಾದೀತು; ಹಾಸಿಗೆಗೆ ಬರದೆ ನೇರ ಕಾರ್ಖಾನೆಗೇ ಬರುತ್ತಿತ್ತು. ಒಂದು ದಿನ ನಿಂತಲ್ಲೇ ತೂಕಡಿಸಿ ಕೈ ಯಂತ್ರದ ಬಾಯಿಯವರೆಗೆ ಹೋಗಿತ್ತು. ಆಪರೇಟರ್ ಬಾಷಾ ತೋಳು ಹಿಡಿದೆಳೆದು, "ಏನಣ್ಣಾ, ಬೆರಳೂ ಪ್ಯಾಕ್ ಮಾಡಿ ಕಳಿಸ್ತೀಯಾ?" ಎಂದ. ಇಬ್ಬರೂ ನಕ್ಕೆವು. ನಾನು ಮಾತ್ರ ಸಂಜೆಯವರೆಗೆ ಆಗಾಗ ಬೆರಳು ಎಣಿಸಿಕೊಳ್ಳುತ್ತಲೇ ಇದ್ದೆ.

ಬರೀ ಹಗಲಿನ ಜನರಲ್ ಶಿಫ್ಟಿಗೆ ಹಾಕಿಸಿಕೊಳ್ಳದಿದ್ದರೆ ಕೈ ಉಳಿಯುವುದಿಲ್ಲವೆಂದು ಅವತ್ತು ಖಾತ್ರಿಯಾಯಿತು. ಅದನ್ನು ಕೇಳಬೇಕಾದದ್ದು ಮ್ಯಾನೇಜರನ್ನು. ಮೂರು ತಿಂಗಳು ನಾನು ಒಂದೇ ವಾಕ್ಯವನ್ನು ಉರುಹೊಡೆದು ಅವರ ಕ್ಯಾಬಿನ್ನಿಗೆ ಹೋದೆ. ಅವರು ತಲೆಯೆತ್ತಿ ನೋಡಿದೊಡನೆ ನನ್ನ ಬಾಯಿಂದ ಬರುತ್ತಿದ್ದದ್ದು, "ಸಾರ್, ನಮ್ಮ ಕಡೆ ಫ್ಯಾನು ಶಬ್ದ ಮಾಡ್ತಿದೆ." ಆ ಫ್ಯಾನಿಗೆ ಮೂರು ಸಲ ರಿಪೇರಿಯಾಯಿತು.

ಮೇ ತಿಂಗಳ ಒಂದು ಗುರುವಾರ ರಾತ್ರಿ ಹೇಗೋ ಕಣ್ಣು ಹತ್ತಿತು. ಫೋನನ್ನು ನನ್ನ ಹೆಂಡತಿ ಅಡುಗೆಮನೆಯಲ್ಲಿ ರಾಗಿಹಿಟ್ಟಿನ ಡಬ್ಬದ ಮೇಲಿಟ್ಟಿದ್ದಳು. ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಬೆಳಗ್ಗೆ ಅವಳು ಕಾಫಿ ಕೊಡುತ್ತಾ, "ನಿದ್ದೇಲೂ ಸಾರ್ ಸಾರ್ ಅಂತೀರಲ್ರೀ, ನಾಚಿಕೆ ಆಗಲ್ವಾ?" ಎಂದಳು. ನಾನು ಆಡಿದ ಮಾತುಗಳನ್ನೂ ಒಪ್ಪಿಸಿದಳು. "ನನ್ ಕೈಲಿ ಆಗ್ತಿಲ್ಲ ಸಾರ್, ಹಗಲು ಶಿಫ್ಟಿಗೆ ಹಾಕ್ಬಿಡಿ." ಸ್ವಲ್ಪ ಹೊತ್ತು ಸುಮ್ಮನೆ. "ಮೂರು ತಿಂಗಳಿಂದ ಸಾರ್." ಮತ್ತೆ ಸುಮ್ಮನೆ. "ನಿಮಗೂನಾ ಸಾರ್? ಮನೆಗೆ ಮಾವಿನಹಣ್ಣು ತಂದ್ಕೊಡ್ತೀನಿ ಬಿಡಿ." ಕೊನೆಗೆ, "ಅಯ್ಯೋ, ಮರದಲ್ಲೇ ಬಲಿತದ್ದು ಸಾರ್, ಪುಡಿ ಹಾಕಿ ಹಣ್ಣು ಮಾಡಿದ್ದಲ್ಲ." ನನಗೆ ಒಂದು ಕನಸೂ ನೆನಪಿರಲಿಲ್ಲ.

ಶನಿವಾರ ನೋಟೀಸ್ ಬೋರ್ಡಿನಲ್ಲಿ ಮುಂದಿನ ವಾರದ ಪಟ್ಟಿ ಅಂಟಿಸಿದರು. ನನ್ನ ಹೆಸರು ಜನರಲ್ ಶಿಫ್ಟಿನಲ್ಲಿತ್ತು. ನಾನು ಬಾಯಿಬಿಟ್ಟು ಕೇಳಿರಲಿಲ್ಲ. ಮ್ಯಾನೇಜರೂ ಕರೆದು ವಿಚಾರಿಸಿರಲಿಲ್ಲ.

ಭಾನುವಾರ ಕೋಲಾರದಲ್ಲಿ ಸಹೋದ್ಯೋಗಿಯೊಬ್ಬರ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಹೆಂಡತಿಯ ಪಕ್ಕದ ಎಲೆಗೆ ಮ್ಯಾನೇಜರ ಹೆಂಡತಿಯೇ ಬಂದು ಕೂತರು. ಆಕೆ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಗಂಡನ ಮೇಲೆ ದೂರು ತೆಗೆದರಂತೆ: "ನಮ್ಮೆಜಮಾನ್ರು ಗುರುವಾರ ರಾತ್ರಿ ನಿದ್ದೇಲಿ ಯಾರನ್ನೋ ವಿಚಾರಿಸ್ತಿದ್ರು ಕಣ್ರೀ. ಎಷ್ಟು ದಿನದಿಂದ ನಿದ್ದೆ ಇಲ್ಲ ಅಂದ್ರು. ಆಮೇಲೆ, ನನಗೂ ಇಲ್ಲ ಕಣ್ರೀ, ಮೇಲಿನವರು ಬಿಡಲ್ಲ ಅಂದ್ರು. ಕೊನೆಗೆ ಹಣ್ಣಿಗೆ ಪುಡಿ ಹಾಕಿದ್ದೀರಾ ಅಂತ ಬೇರೆ!" ನನ್ನ ಹೆಂಡತಿಯ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ನಾನು ಸುಮ್ಮನಾದ ಕಡೆಯೆಲ್ಲ ಮ್ಯಾನೇಜರ ಮಾತು ಸರಿಯಾಗಿ ಕೂರುತ್ತಿತ್ತು. ಅವರಿರುವುದು ಮಾಲೂರಿನಲ್ಲಿ, ನಾವು ಮುಳಬಾಗಿಲಿನಲ್ಲಿ. ನಡುವೆ ಇಡೀ ಕೋಲಾರ ಮಲಗಿತ್ತು.

ಕಾಕತಾಳೀಯ ಎನ್ನಿ, ನಾನು ಬೇಡವೆನ್ನುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಮೇ ತಿಂಗಳಲ್ಲಿ ಮಾವಿನಹಣ್ಣಿನ ಮಾತಾಡದವರು ಯಾರು? ನನ್ನ ತೂಕಡಿಕೆ ಅವರ ಕಣ್ಣಿಗೆ ಬಿದ್ದಿರಲೂಬಹುದು. ಹೀಗೆಂದು ಸಮಾಧಾನ ಮಾಡಿಕೊಂಡೆ. ಆದರೂ ಕೊಟ್ಟ ಮಾತು ನಿದ್ದೆಯದ್ದಾದರೇನು, ಮಾತೇ ತಾನೇ? ಮುಂದಿನ ಭಾನುವಾರ ಬೈರಕೂರಿನಲ್ಲಿರುವ ನನ್ನ ಮಾವನ ಮರದ ಹಣ್ಣು ತುಂಬಿಕೊಂಡು ಮಾಲೂರಿಗೆ ಹೋದೆ. ಬಾದಾಮಿ ಇನ್ನೂ ಹಣ್ಣಾಗಿರಲಿಲ್ಲವಾದ್ದರಿಂದ ರಸಪುರಿ ಒಯ್ದಿದ್ದೆ.

ಮ್ಯಾನೇಜರ್ ಚೀಲಕ್ಕೆ ಕೈಹಾಕಿ ಒಂದು ಹಣ್ಣು ತೆಗೆದು ಮೂಸಿದರು. "ಏನ್ರೀ, ಬಾದಾಮಿ ಅಂದಿದ್ರಲ್ಲ?" ಎಂದರು.

ಎಂದವರು ಹಾಗೇ ನಿಂತರು. ಅವರು ನನ್ನ ಮುಖ ನೋಡಿದರು, ನಾನು ಅವರ ಮನೆಯ ಫ್ಯಾನು ನೋಡಿದೆ. ಅದು ಒಂದಿಷ್ಟೂ ಶಬ್ದ ಮಾಡುತ್ತಿರಲಿಲ್ಲ. ಆ ರಾತ್ರಿಯ ಮಾತಿನಲ್ಲಿ ಬಾದಾಮಿಯ ಹೆಸರನ್ನು ನನ್ನ ಹೆಂಡತಿಯೂ ಕೇಳಿರಲಿಲ್ಲ, ಅವರ ಹೆಂಡತಿಯೂ ಕೇಳಿರಲಿಲ್ಲ.

ಮನೆಗೆ ಬಂದು ಹೆಂಡತಿಯನ್ನು ವಿಚಾರಿಸಿದರೆ, "ಪುಡಿ ವಿಷಯ ಮುಗಿಯೋ ಹೊತ್ತಿಗೆ ನಂಗೇ ನಿದ್ದೆ ಹತ್ತಿಬಿಡ್ತು. ಆಮೇಲೆ ನೀವಿಬ್ರೂ ಏನೇನ್ ಮಾತಾಡಿದ್ರೋ!" ಎಂದಳು.

ಆಮೇಲೆ ಏನು ಮಾತಾಡಿದೆವೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ. ಹತ್ತು ಬೆರಳೂ ಸರಿಯಾಗಿವೆ, ಒಂಬತ್ತೂವರೆಗೆಲ್ಲ ಗಾಢ ನಿದ್ದೆ ಬರುತ್ತದೆ. ಮೇಲಧಿಕಾರಿಯ ಮುಂದೆ ಯಾವ ಕ್ಷಣದಲ್ಲಾದರೂ ಹಾಜರಾಗಬೇಕಾಗಬಹುದೆಂದು, ಎಂಥ ಸೆಖೆಯಿದ್ದರೂ ಬನಿಯನ್ನಿನ ಮೇಲೆ ಅಂಗಿ ತೊಟ್ಟೇ ಮಲಗುತ್ತೇನೆ.