ನಮ್ಮೂರ ಕ್ವಾರಿಯ ಆರನೆಯ ಸದ್ದು

ಮಾರ್ಚ್ ೯, ಸೋಮವಾರ, ಬೆಳಿಗ್ಗೆ ಆರೂವರೆ. ಊರಿನ ಕಸುಬುಗಳ ಬಗ್ಗೆ ಬರೆಯಲು ಕೂತರೆ ಮೊದಲು ನೆನಪಾಗುವುದು ಕಲ್ಲು. ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ, ಗುಡ್ಡದ ಮಗ್ಗುಲಿಗೆ ನಮ್ಮೂರು. ಗಂಡಸರು ಕ್ವಾರಿಗೆ, ಹೆಂಗಸರು ತೆಂಗಿನ ನಾರಿನ ಮಿಲ್ಲಿಗೆ ಹೋಗುತ್ತಿದ್ದರು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಕ್ವಾರಿಯಲ್ಲಿ ಒಬ್ಬ ಸತ್ತ. ಅವನು ಸತ್ತದ್ದು ನನ್ನ ಸೋದರಮಾವ ಕುಡಿದು ಲೆಕ್ಕ ತಪ್ಪಿದ್ದರಿಂದಲೇ ಎಂದು ಊರು ಈಗಲೂ ಹೇಳುತ್ತದೆ.

ಬಂಡೆಗೆ ಕೊರೆದ ಕುಳಿಗಳಿಗೆ ಮದ್ದು ತುಂಬಿ, ಬತ್ತಿ ಹಚ್ಚಿ, ಎಲ್ಲರೂ ರಸ್ತೆಯ ಮೋರಿಯ ಹಿಂದೆ ಕೂರುತ್ತಿದ್ದರು. ಸಿಡಿದ ಸದ್ದು ಎಣಿಸುವುದು ಮಾವನ ಕೆಲಸ. ಕುಳಿಗೊಂದು ಸದ್ದು, ಸದ್ದಿಗೊಂದು ಬೆರಳು. ಅವನು 'ಆಯ್ತು' ಅನ್ನುವವರೆಗೆ ಯಾರೂ ಏಳುವಂತಿರಲಿಲ್ಲ. ಅಂದು ಇದ್ದದ್ದು ಆರು ಕುಳಿ. ಅಮ್ಮನೂ ನಾನೂ ಬುತ್ತಿ ತಂದು ಅಲ್ಲೇ ಕೂತಿದ್ದೆವು.

"ಏನ್ಲಾ, ಬೆರಳು ಸಾಲ್ದೇ ಹೋಯ್ತಾ? ಮುದ್ದೆ ತಣ್ಣಗಾಯ್ತದೆ," ಎಂದು ಕುಳಿ ಕೊರೆಯುವವನು ರೇಗಿಸಿದ.

"ಆರೂ ಆಯ್ತು, ಹೋಗ್ಲಾ," ಎಂದ ಮಾವ.

ಕುಳಿ ಕೊರೆಯುವವನು ಹೋಗಿ ಸಡಿಲಾದ ಬಂಡೆಗೆ ಹಾರೆಯಿಂದ ಒಂದು ಏಟು ಹಾಕಿದ. ಸಿಡಿಯದೆ ಉಳಿದಿದ್ದ ಕುಳಿ ಆಗ ಸಿಡಿಯಿತು. ಹೊಗೆ ಸರಿದಾಗ ಅವನ ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಮುಖದ ಒಂದು ಮಗ್ಗುಲು ಜಲ್ಲಿಯೊಂದಿಗೆ ಕಲಸಿಹೋಗಿತ್ತು. ಜೀಪು ಅರಸೀಕೆರೆ ಮುಟ್ಟುವ ಮೊದಲೇ ಜೀವ ಹೋಯಿತು.

ಅವನ ಹೆಂಡತಿ ಮಿಲ್ಲಿನಿಂದ ನಾರು ಬಡಿಯುವ ಕೊಡತಿ ಹಿಡಿದೇ ಓಡಿಬಂದಳು. "ಆರು ಅಂದ್ಯಲ್ಲೋ ಕುಡುಕ ನನ್ಮಗನೇ!" ಮೊದಲ ಏಟಿಗೆ ಮಾವನ ದವಡೆ ಮುರಿಯಿತು. ಗಂಡಸರು ಬಿಡಿಸಲಿಲ್ಲ, ತಾವೂ ಒದ್ದರು. ಮಾವ ಕೈ ಅಡ್ಡ ಹಿಡಿಯಲಿಲ್ಲ.

"ಬೆಳಗಿಂದ ನೀರು ಬಿಟ್ರೆ ಏನೂ ಕುಡ್ದಿಲ್ಲ ಕಣ್ರೋ!" ಎಂದು ಅಮ್ಮ ಅವನ ಮೇಲೆ ಬಿದ್ದಳು. ಅವಳ ಬೆನ್ನಿಗೂ ಬಿತ್ತು.

ನಾನೂ ಆರು ಸದ್ದು ಕೇಳಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಹಿಂದಿನ ದಿನವಷ್ಟೇ ಕ್ವಾರಿಯ ಎದುರು ಮಗ್ಗುಲಿನ ದೊಡ್ಡ ಹೋಳು ಬಿದ್ದು, ಗುಡ್ಡ ಗೋಡೆಯಂತೆ ನೆಟ್ಟಗೆ ನಿಂತಿತ್ತು. ಐದನೆಯ ಸದ್ದೇ ಆ ಗೋಡೆಗೆ ಬಡಿದು ಮರಳಿ ಬಂದು ಆರನೆಯದಾಗಿ ಕೇಳಿಸಿರಬೇಕು ಎಂಬುದು ನನ್ನ ಅನುಮಾನ. ಮೊದಲ ನಾಲ್ಕು ಒಂದರ ಬೆನ್ನಿಗೊಂದು ಸಿಡಿದಿದ್ದವು, ಅವುಗಳ ಪ್ರತಿಧ್ವನಿ ಗದ್ದಲದಲ್ಲಿ ಮುಳುಗಿತು. ಆ ಗೋಡೆಯೂ ಆಮೇಲೆ ಜಲ್ಲಿಯಾಗಿ ಲಾರಿ ಹತ್ತಿತು. ಕಳೆದ ವಾರ ಅದೇ ಮೋರಿಯ ಹಿಂದೆ ನಿಂತು ಪಟಾಕಿ ಹಚ್ಚಿದೆ. ಏನೂ ಮರಳಿ ಬರಲಿಲ್ಲ.

ಮಾವ ಇಂದಿಗೂ ಅಂಗಡಿಯ ಹೊರಗೇ ನಿಂತು ಟೀ ಕುಡಿಯುತ್ತಾನೆ.

ಆ ಸಾವಿನ ನಂತರ, ಗೋಡೆ ಒಡೆಯುವವರೆಗೆ ಅಲ್ಲಿ ದುಡಿದವರಿದ್ದರೆ, ಕುಳಿಗಿಂತ ಒಂದು ಸದ್ದು ಹೆಚ್ಚು ಕೇಳಿತ್ತೇ ಎಂದು ದಯವಿಟ್ಟು ನನಗೆ ಬರೆಯಿರಿ. ಕೇಳಿಲ್ಲವಾದರೆ ಅದನ್ನೂ ಬರೆಯಿರಿ.